ಟೆಂಪೋ ಟ್ರಾವೆಲರ್ ಕ್ಯಾರವಾನ್‌ನ ಶೌಚಾಲಯ: ವಾಸನೆ ಬಾರದಂತೆ ಟ್ಯಾಂಕಿಗೆ ಏನು ಹಾಕುವುದು ಸೂಕ್ತ?

ತುಮಕೂರು_ಪಯಣಿಗ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನಮ್ಮ ಟೆಂಪೋ ಟ್ರಾವೆಲರ್ ವಾಹನವನ್ನು ಮನೆಮಂದಿಯ ಪ್ರವಾಸಕ್ಕೆಂದು ಕ್ಯಾರವಾನ್ ಆಗಿ ಮಾಡಿಸುತ್ತಿದ್ದೇವೆ. ಹಾಸಿಗೆ, ಒಲೆ, ನೀರಿನ ಟ್ಯಾಂಕು, ಬ್ಯಾಟರಿ ಎಲ್ಲವೂ ಒಂದು ಹಂತಕ್ಕೆ ಬಂದಿವೆ. ತೀರ್ಮಾನವಾಗದೆ ಉಳಿದಿರುವುದು ಶೌಚಾಲಯದ ವಿಷಯ ಮಾತ್ರ. ಈ ಪ್ರವಾಸಗಳು ಮುಖ್ಯವಾಗಿ ನಮ್ಮ ತಾಯಿಯವರಿಗಾಗಿ. ಅವರಿಗೆ ಮೊಣಕಾಲು ನೋವಿದೆ. ಜೊತೆಗೆ ರಕ್ತದೊತ್ತಡಕ್ಕೆ ತೆಗೆದುಕೊಳ್ಳುವ ಮಾತ್ರೆಯಿಂದಾಗಿ ಮೇಲಿಂದ ಮೇಲೆ ಮೂತ್ರಕ್ಕೆ ಹೋಗಬೇಕಾಗುತ್ತದೆ. ದಾರಿಯ ಪೆಟ್ರೋಲ್ ಬಂಕುಗಳಲ್ಲಿ ಕಮೋಡ್ ಇರುವ, ಚಿಲಕ ಸರಿಯಾಗಿರುವ ಶೌಚಾಲಯ ಸಿಗುವುದು ಅದೃಷ್ಟದ ಮಾತು. ಆ ಭಯಕ್ಕೆ ಅವರು ಹೊರಡುವ ದಿನ ಬೆಳಗಿನಿಂದಲೇ ನೀರು ಕುಡಿಯುವುದನ್ನು ನಿಲ್ಲಿಸಿಬಿಡುತ್ತಾರೆ. ಅದು ತಪ್ಪಬೇಕೆಂಬುದೇ ವಾಹನದೊಳಗೆ ಶೌಚಾಲಯ ಕೂರಿಸುವ ಉದ್ದೇಶ.

ನಾವು ನೋಡಿಟ್ಟಿರುವುದು ಕ್ಯಾಸೆಟ್ ಮಾದರಿ. ಕಮೋಡಿನ ಕೆಳಗೆ ಸುಮಾರು 20 ಲೀಟರ್ ಹಿಡಿಯುವ ಟ್ಯಾಂಕ್ ಇರುತ್ತದೆ. ತುಂಬಿದ ಮೇಲೆ ವಾಹನದ ಹೊರಗಿನ ಸಣ್ಣ ಬಾಗಿಲು ತೆರೆದು ಅದನ್ನು ಸೂಟ್‌ಕೇಸಿನಂತೆ ಎಳೆದು ತೆಗೆಯಬಹುದು. ಅದರೊಳಗೆ ಹಾಕಲು ನೀಲಿ ಬಣ್ಣದ ದ್ರವ, ಹಸಿರು ಬಣ್ಣದ ದ್ರವ ಎಂದು ಆನ್‌ಲೈನ್‌ನಲ್ಲಿ ಹಲವು ಬಗೆ ಕಾಣುತ್ತಿವೆ, ಬೆಲೆಯೂ ಹೆಚ್ಚು. ಫಿನಾಯಿಲ್ ಸಾಕು ಎಂದು ಒಬ್ಬರು ಹೇಳಿದರೆ, ಬ್ಲೀಚಿಂಗ್ ಪೌಡರ್ ಹಾಕಿ ಎಂದು ಮತ್ತೊಬ್ಬರು ಹೇಳುತ್ತಾರೆ. ರೈಲಿನ ಬಯೋ ಟಾಯ್ಲೆಟ್‌ನಲ್ಲಿರುವಂಥ ಬ್ಯಾಕ್ಟೀರಿಯಾ ತಂದು ಹಾಕಿದರೆ ವಾಸನೆಯೇ ಇರುವುದಿಲ್ಲ ಎಂಬ ಸಲಹೆಯೂ ಬಂದಿದೆ. ನಮ್ಮ ಮನೆಯ ಬೀದಿಗೆ ಇನ್ನೂ ಒಳಚರಂಡಿ ಬಂದಿಲ್ಲ, ಸೆಪ್ಟಿಕ್ ಟ್ಯಾಂಕ್ ಇದೆ. ಮಾರ್ಚ್‌ನಿಂದ ಮೇವರೆಗಿನ ಬಿಸಿಲಿನಲ್ಲಿ, ಮುಚ್ಚಿದ ವಾಹನದೊಳಗೆ, ಹಾಸಿಗೆಗೆ ನಾಲ್ಕೇ ಅಡಿ ದೂರದಲ್ಲಿ ಈ ಟ್ಯಾಂಕ್ ಇರಬೇಕಾಗಿರುವುದರಿಂದ ತಿಳಿದವರು ದಯವಿಟ್ಟು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಕೋಲಾರ_ರಸಾಯನ:

ನಾನು ಕೋಲಾರದಲ್ಲಿ ರಸಾಯನಶಾಸ್ತ್ರ ಪಾಠ ಹೇಳಿ ನಿವೃತ್ತನಾದವನು. ಯಾವ ದ್ರವ ಹಾಕಬೇಕೆಂದು ಕೇಳುವ ಮೊದಲು ಹೋಗಲಾಡಿಸಬೇಕಾಗಿರುವ ವಾಸನೆ ಯಾವುದು ಎಂಬುದನ್ನು ಗೊತ್ತುಮಾಡಿಕೊಂಡರೆ ಅರ್ಧ ಕೆಲಸ ಮುಗಿದಂತೆ.

ಇಂಥ ಟ್ಯಾಂಕಿನಲ್ಲಿ ಮುಖ್ಯವಾಗಿ ಎರಡು ವಾಸನೆಗಳು ಹುಟ್ಟುತ್ತವೆ. ಮೊದಲನೆಯದು ಮೂಗಿಗೆ ಚುಚ್ಚುವ, ಕಣ್ಣು ಉರಿಸುವ ಅಮೋನಿಯಾ. ಆಗತಾನೆ ಹೊರಬಂದ ಮೂತ್ರಕ್ಕೆ ಹೆಚ್ಚಿನ ವಾಸನೆ ಇರುವುದಿಲ್ಲ. ಅದರ ಪಿಎಚ್ (ಹುಳಿ, ಕ್ಷಾರಗಳ ಅಳತೆ; 7ಕ್ಕಿಂತ ಕೆಳಗೆ ಹುಳಿ, ಮೇಲೆ ಕ್ಷಾರ) ಸುಮಾರು 6, ಅಂದರೆ ತುಸು ಆಮ್ಲೀಯ. ಆದರೆ ಮಲದಲ್ಲಿಯೂ ಟ್ಯಾಂಕಿನ ಗೋಡೆಯ ಲೋಳೆಯಲ್ಲಿಯೂ ಇರುವ ಬ್ಯಾಕ್ಟೀರಿಯಾಗಳು ಯೂರಿಯೇಸ್ ಎಂಬ ಕಿಣ್ವದಿಂದ ಮೂತ್ರದ ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತವೆ. ಪಿಎಚ್ 9ರ ಹತ್ತಿರಕ್ಕೆ ಏರುತ್ತದೆ. ಆ ಮಟ್ಟದಲ್ಲಿ ಅಮೋನಿಯಾದ ಮೂರನೆಯ ಒಂದು ಭಾಗಕ್ಕೂ ಹೆಚ್ಚು ಅನಿಲದ ರೂಪದಲ್ಲಿದ್ದು ಮೇಲೇಳಲು ಸಿದ್ಧವಾಗಿರುತ್ತದೆ. ಪಿಎಚ್ 6ರಲ್ಲಿ ಅದು ಬಹುಮಟ್ಟಿಗೆ ನೀರಿನಲ್ಲೇ ಕರಗಿ ಕುಳಿತಿರುತ್ತದೆ.

ಎರಡನೆಯದು ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್. ಟ್ಯಾಂಕಿನಲ್ಲಿ ಆಮ್ಲಜನಕ ಮುಗಿದ ಮೇಲೆ ಕೆಲವು ಬ್ಯಾಕ್ಟೀರಿಯಾಗಳು ನೀರಿನಲ್ಲಿಯೂ ಮೂತ್ರದಲ್ಲಿಯೂ ಇರುವ ಸಲ್ಫೇಟನ್ನು ಬಳಸಿಕೊಂಡು ಬದುಕುತ್ತವೆ. ಅವು ಹೊರಬಿಡುವುದೇ ಈ ಅನಿಲ. ಇದರ ನಡತೆ ಅಮೋನಿಯಾಕ್ಕೆ ನೇರ ವಿರುದ್ಧ. ಪಿಎಚ್ ಕೆಳಗಿಳಿದಷ್ಟೂ ಇದು ಅನಿಲವಾಗಿ ಹೊರಬರುತ್ತದೆ, ಮೇಲೇರಿದಷ್ಟೂ ನೀರಿನಲ್ಲಿ ಉಳಿಯುತ್ತದೆ. ಹೀಗಾಗಿ ಮಲಮೂತ್ರ ಎರಡೂ ಬೆರೆತು ಹಳೆಯದಾದ ಟ್ಯಾಂಕಿಗೆ ಹುಳಿ ಹಾಕಿದರೆ ಅಮೋನಿಯಾ ಅಡಗಿ ಕೊಳೆತ ಮೊಟ್ಟೆಯ ವಾಸನೆ ಎದ್ದೀತು. ಸುಣ್ಣ ಅಥವಾ ಬೂದಿ ಹಾಕಿದರೆ ಕೊಳೆತ ಮೊಟ್ಟೆಯ ವಾಸನೆ ಅಡಗಿ ಅಮೋನಿಯಾ ಎದ್ದೀತು. ಮನೆಮದ್ದುಗಳು ಒಬ್ಬರಿಗೆ ಫಲಿಸಿ ಇನ್ನೊಬ್ಬರಿಗೆ ಕೈಕೊಡುವುದಕ್ಕೆ ಇದೇ ಕಾರಣವೆಂದು ನನ್ನ ಅಭಿಪ್ರಾಯ.

ಈಗ ನಿಮ್ಮ ಬಣ್ಣದ ದ್ರವಗಳ ವಿಷಯ. ಬಣ್ಣವನ್ನೇ ನಂಬಬೇಡಿ, ಲೇಬಲ್ಲಿನಲ್ಲಿ ಬರೆದಿರುವ ಘಟಕಗಳನ್ನು ಓದಿ. ಸಾಮಾನ್ಯವಾಗಿ ನೀಲಿ ದ್ರವಗಳು ಬ್ಯಾಕ್ಟೀರಿಯಾಗಳನ್ನು ಕೊಂದು ವಾಸನೆ ತಡೆಯುವ ಬಗೆಯವು. ಹಿಂದೆ ಇವುಗಳಲ್ಲಿ ಫಾರ್ಮಾಲ್ಡಿಹೈಡ್ ಸಾಮಾನ್ಯವಾಗಿತ್ತು. ಈಗ ಅದರ ಬದಲು ಗ್ಲುಟರಾಲ್ಡಿಹೈಡ್, ಬ್ರೊನೊಪಾಲ್ ಮುಂತಾದವನ್ನು ಬಳಸಿರುವುದೂ ಉಂಟು. ಜೀವಶಾಸ್ತ್ರದ ಪ್ರಯೋಗಾಲಯದಲ್ಲಿ ಕಪ್ಪೆ, ಮೀನುಗಳನ್ನು ಮುಳುಗಿಸಿಡುವ ಫಾರ್ಮಾಲಿನ್ ಎಂದರೆ ಫಾರ್ಮಾಲ್ಡಿಹೈಡಿನ ನೀರು ದ್ರಾವಣವೇ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಅದನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಇದು ವಾಸನೆಯನ್ನು ನಿಜಕ್ಕೂ ಚೆನ್ನಾಗಿ ತಡೆಯುತ್ತದೆ. ಆದರೂ ವಯಸ್ಸಾದವರು ಮಲಗುವ ಮುಚ್ಚಿದ ವಾಹನದಲ್ಲಿ ಇದನ್ನು ಇಡಲು ನಾನು ಸರ್ವಥಾ ಒಪ್ಪುವುದಿಲ್ಲ. ರಾಸಾಯನಿಕದ ಅಂಗಡಿಯಿಂದ ಫಾರ್ಮಾಲಿನ್ ಕ್ಯಾನ್ ತಂದು ಅಗ್ಗದಲ್ಲಿ ಮುಗಿಸೋಣವೆಂದು ಯಾರಾದರೂ ಸೂಚಿಸಿದರೆ ದಯವಿಟ್ಟು ಕಿವಿಗೊಡಬೇಡಿ.

ಹಸಿರು ದ್ರವಗಳಲ್ಲಿ ಹಲವು ಕೊಲ್ಲುವ ದಾರಿ ಹಿಡಿಯುವುದಿಲ್ಲ. ನೈಟ್ರೇಟ್ ಲವಣವಿರುವ ದ್ರವವನ್ನು ಹಾಕಿದಾಗ ಆಮ್ಲಜನಕ ಮುಗಿದರೂ ಬ್ಯಾಕ್ಟೀರಿಯಾಗಳಿಗೆ ನೈಟ್ರೇಟ್ ಸಿಗುತ್ತದೆ. ಸಲ್ಫೇಟಿಗಿಂತ ನೈಟ್ರೇಟಿನಿಂದ ಹೆಚ್ಚು ಶಕ್ತಿ ದೊರೆಯುವುದರಿಂದ ಅದನ್ನು ಬಳಸುವ ಬ್ಯಾಕ್ಟೀರಿಯಾಗಳು ಮೇಲುಗೈ ಪಡೆಯುತ್ತವೆ, ಕೊಳೆತ ಮೊಟ್ಟೆಯ ಅನಿಲ ಹುಟ್ಟುವುದಿಲ್ಲ. ನಮ್ಮ ಕೋಲಾರದ ಟೊಮ್ಯಾಟೊ ಬೆಳೆಗಾರರು ಹನಿ ನೀರಾವರಿಯಲ್ಲಿ ಬಿಡುವ ಕ್ಯಾಲ್ಸಿಯಂ ನೈಟ್ರೇಟನ್ನೇ ಹೊರದೇಶಗಳಲ್ಲಿ ಒಳಚರಂಡಿಯ ದುರ್ನಾತ ತಡೆಯಲು ಬಳಸುತ್ತಾರೆ, ತತ್ತ್ವ ಒಂದೇ. ಲೇಬಲ್ಲಿನ ಮೇಲೆ ಸೆಪ್ಟಿಕ್ ಟ್ಯಾಂಕಿಗೆ ಹೊಂದುತ್ತದೆ ಎಂಬ ಮಾತೂ, ಆಮ್ಲಜನಕವಿಲ್ಲದೆಡೆ ಬ್ಯಾಕ್ಟೀರಿಯಾಗಳು ಅದನ್ನು ಕೊಳೆಸಬಲ್ಲವೇ ಎಂದು ನೋಡುವ ಐಎಸ್‌ಒ 11734 ಎಂಬ ಪರೀಕ್ಷೆಯ ಉಲ್ಲೇಖವೂ ಇದ್ದರೆ ಅದನ್ನು ಆರಿಸಿಕೊಳ್ಳಬಹುದು. ಖಾಲಿ ಟ್ಯಾಂಕಿಗೆ ಮೊದಲು ಎರಡು ಲೀಟರಿನಷ್ಟು ನೀರು ಹಾಕಿ, ಆಮೇಲೆ ಲೇಬಲ್ ಹೇಳಿದ ಪ್ರಮಾಣದ ದ್ರವ ಸುರಿದು, ಒಮ್ಮೆ ಅಲುಗಾಡಿಸಿ ಒಳಗೆ ಸೇರಿಸಬೇಕು. ಒಣಗಿದ ಟ್ಯಾಂಕಿನ ತಳಕ್ಕೆ ಮಲ ನೇರವಾಗಿ ಬಿದ್ದು ಅಂಟಿಕೊಂಡರೆ ಯಾವ ದ್ರವವೂ ಅದರೊಳಕ್ಕೆ ಇಳಿಯುವುದಿಲ್ಲ.

ಬ್ಲೀಚಿಂಗ್ ಪೌಡರ್ ಬೇಡವೇ ಬೇಡ. ಅದು ಮೂತ್ರದ ಅಮೋನಿಯಾದೊಡನೆ ಸೇರಿದರೆ ಕ್ಲೋರಮೈನ್ ಎಂಬ ವಿಷಾನಿಲಗಳು ಹುಟ್ಟುತ್ತವೆ. ಶೌಚಾಲಯ ತೊಳೆಯುವ ಆಸಿಡ್ಡಿನೊಡನೆ ಸೇರಿದರೆ ಕ್ಲೋರಿನ್ ಅನಿಲವೇ ಬರುತ್ತದೆ. ಮನೆಯ ದೊಡ್ಡ ಬಚ್ಚಲಿನಲ್ಲಿ ಕಿಟಕಿ ತೆರೆದು ಪಾರಾಗಬಹುದು, ಮೂರಡಿ ಅಗಲದ ವಾಹನದ ಕೋಣೆಯಲ್ಲಿ ಅದು ಪ್ರಾಣಕ್ಕೇ ಅಪಾಯ. ಫಿನಾಯಿಲ್ ಮುಖ್ಯವಾಗಿ ವಾಸನೆಯ ಮೇಲೆ ತನ್ನದೊಂದು ವಾಸನೆ ಹೊದಿಸುತ್ತದೆ.

ರೈಲಿನ ಬ್ಯಾಕ್ಟೀರಿಯಾದ ಬಗ್ಗೆ ಒಂದು ಮಾತು. ರಕ್ಷಣಾ ಸಂಶೋಧನಾ ಸಂಸ್ಥೆಯಾದ ಡಿಆರ್‌ಡಿಒ ಮತ್ತು ರೈಲ್ವೆ ಸೇರಿ ರೂಪಿಸಿದ ಆ ವ್ಯವಸ್ಥೆಯಲ್ಲಿ ಬೋಗಿಯ ಕೆಳಗೆ ಹಲವು ಕೋಣೆಗಳಿರುವ ಉಕ್ಕಿನ ಟ್ಯಾಂಕ್ ಇರುತ್ತದೆ. ಮಲ ಒಂದು ಕೋಣೆಯಿಂದ ಇನ್ನೊಂದಕ್ಕೆ ನಿಧಾನವಾಗಿ ಸಾಗುತ್ತಾ ಆಮ್ಲಜನಕವಿಲ್ಲದೆ ಬದುಕುವ ಬ್ಯಾಕ್ಟೀರಿಯಾಗಳಿಂದ ನೀರು ಮತ್ತು ಅನಿಲವಾಗುತ್ತದೆ. ಎರಡು ದಿನಕ್ಕೊಮ್ಮೆ ಪೂರ್ತಿ ಖಾಲಿ ಮಾಡಿ ತೊಳೆಯುವ 20 ಲೀಟರಿನ ಕ್ಯಾಸೆಟ್ಟಿನಲ್ಲಿ ಅವು ಬೇರೂರಲು ಸಮಯವೇ ಸಿಗುವುದಿಲ್ಲ. ಆದ್ದರಿಂದ ಆ ಹೆಸರಿನಲ್ಲಿ ಮಾರುವ ಪುಡಿಗೆ ಹಣ ಹಾಕುವ ಅಗತ್ಯವಿಲ್ಲ.

ಶಿರಾಗೇಟ್_ಬಾಡಿ_ಕೆಲಸ:

ಮೇಲಿನ ಹಿರಿಯರು ಟ್ಯಾಂಕಿನ ಒಳಗಿನ ವಿಷಯ ಹೇಳಿದ್ದಾರೆ. ವಾಹನಗಳ ಬಾಡಿ ಕಟ್ಟುವವನಾಗಿ ಹೊರಗಿನ ಎರಡು ಮಾತು ಸೇರಿಸುತ್ತೇನೆ.

ಕ್ಯಾಸೆಟ್ಟಿನ ಬಾಯಿಗೆ ಅಡ್ಡಲಾಗಿ ಸರಿಯುವ ತಟ್ಟೆಯೊಂದಿದ್ದು, ಅದರ ಸುತ್ತ ತುಟಿಯಂತೆ ಒತ್ತಿಕೊಂಡಿರುವ ರಬ್ಬರ್ ಸೀಲ್ ಇರುತ್ತದೆ. ಬೆರಳಿನಿಂದ ಒತ್ತಿ ನೋಡಿದರೆ ಅದು ಮೆತ್ತಗಿರಬೇಕು. ಒಣಗಿ ಬಿರಿದಿದ್ದರೆ ನೀವು ಎಷ್ಟೇ ಬೆಲೆಯ ದ್ರವ ಹಾಕಿದರೂ ವಾಸನೆ ನಿಲ್ಲದು. ಫಿನಾಯಿಲ್, ಶೌಚಾಲಯ ತೊಳೆಯುವ ಆಸಿಡ್, ಬ್ಲೀಚ್ ಈ ಮೂರೂ ಆ ರಬ್ಬರನ್ನು ಹಾಳುಮಾಡುತ್ತವೆ. ವ್ಯಾಸಲೀನ್ ಕೂಡ ಹಚ್ಚಬಾರದು. ಸಿಲಿಕೋನ್ ಸ್ಪ್ರೇ ಮಾತ್ರ ಬಳಸಿ. ನಮ್ಮ ಕಡೆಯ ಕೊಳವೆಬಾವಿಯ ಗಡಸು ನೀರನ್ನು ಫ್ಲಶ್ಶಿಗೆ ತುಂಬಿದರೆ ಮೂತ್ರದ ಲವಣವೂ ಸೇರಿ ತಟ್ಟೆಯ ಅಂಚಿನಲ್ಲಿ ಬಿಳಿಯ ಹಕ್ಕಳೆ ಕಟ್ಟುತ್ತದೆ. ಅದು ಉಪ್ಪುಕಾಗದದಂತೆ ಸೀಲನ್ನು ಸವೆಸುತ್ತದೆ, ತಾನೂ ವಾಸನೆ ಹಿಡಿದಿಟ್ಟುಕೊಳ್ಳುತ್ತದೆ. ಕುಡಿಯುವ ನೀರಿನ ಘಟಕದ ನೀರನ್ನೋ ಮಳೆನೀರನ್ನೋ ಫ್ಲಶ್ ಟ್ಯಾಂಕಿಗೆ ತುಂಬಿಸಿ.

ಇನ್ನೊಂದು, ಮಾರ್ಪಾಡು ಮಾಡಿಸುವವರು ಹೆಚ್ಚಾಗಿ ಗಮನಿಸದ ಸಂಗತಿ. ಬಚ್ಚಲಿನ ಚಾವಣಿಯಲ್ಲಿ ಗಾಳಿ ಹೊರಗೆ ತಳ್ಳುವ ಫ್ಯಾನ್ ಹಾಕಿಸಿಕೊಳ್ಳುತ್ತಾರೆ. ಅದು ಓಡುತ್ತಿರುವಾಗ ತಟ್ಟೆ ಸರಿಸಿದರೆ ಕೋಣೆಯೊಳಗಿನ ಒತ್ತಡ ಕಡಿಮೆಯಿರುವುದರಿಂದ ಟ್ಯಾಂಕಿನ ಗಾಳಿಯೆಲ್ಲ ಮೇಲಕ್ಕೆ, ಕೂತವರ ಮುಖಕ್ಕೇ ಬರುತ್ತದೆ. ಆ ಫ್ಯಾನನ್ನು ಆರಿಸಿಯೇ ತಟ್ಟೆ ತೆರೆಯಬೇಕು. ಅದಕ್ಕಿಂತ ಉತ್ತಮವೆಂದರೆ ಟ್ಯಾಂಕಿಗೇ ಒಂದು ಸಣ್ಣ ಕೊಳವೆ ಜೋಡಿಸಿ, 12 ವೋಲ್ಟಿನ ಚಿಕ್ಕ ಫ್ಯಾನ್ ಇಟ್ಟು, ಗಾಳಿಯನ್ನು ಇದ್ದಿಲಿನ ಫಿಲ್ಟರ್ ಮೂಲಕವೋ ಚಾವಣಿಯ ಮೇಲಕ್ಕೋ ಬಿಡುವುದು. ಯುರೋಪಿನಲ್ಲಿ ಎಸ್‌ಒಜಿ ಎಂಬ ಹೆಸರಿನಲ್ಲಿ ಇದೇ ವ್ಯವಸ್ಥೆ ಸಿದ್ಧವಾಗಿ ಸಿಗುತ್ತದೆ. ತಟ್ಟೆ ತೆರೆದಾಗ ಗಾಳಿ ಕೋಣೆಯಿಂದ ಟ್ಯಾಂಕಿನೊಳಕ್ಕೆ ಹರಿಯುತ್ತದೆಯೇ ಹೊರತು ಟ್ಯಾಂಕಿನಿಂದ ಕೋಣೆಗಲ್ಲ. ಕೊಳವೆ ನಿಮ್ಮ ಅಡುಗೆ ಕಿಟಕಿಯ ಕಡೆಗೆ ಬಾರದಂತೆ ಈಗಲೇ ಜಾಗ ಗುರುತಿಸಿ, ಒಳಗಿನ ಪ್ಲೈವುಡ್ ಮುಚ್ಚಿದ ಮೇಲೆ ಕಷ್ಟ.

ತಿಪಟೂರು_ತೋಟ:

ಟ್ಯಾಂಕಿಗೆ ಏನು ಹಾಕಬೇಕೆಂಬುದಕ್ಕಿಂತ, ಮಲ ಮತ್ತು ಮೂತ್ರ ಎರಡನ್ನೂ ಒಂದೇ ಟ್ಯಾಂಕಿಗೆ ಏಕೆ ಬಿಡಬೇಕು ಎಂಬುದು ನನ್ನ ಪ್ರಶ್ನೆ. ಕೋಲಾರದ ಮೇಷ್ಟ್ರು ವಿವರಿಸಿದ ಎರಡೂ ವಾಸನೆಗಳಿಗೆ ಮೂಲ ಈ ಬೆರಕೆಯೇ. ಮೂತ್ರಕ್ಕೆ ಮಲದ ಬ್ಯಾಕ್ಟೀರಿಯಾ ಸೇರದಿದ್ದರೆ ಯೂರಿಯಾ ಬೇಗ ಒಡೆಯುವುದಿಲ್ಲ. ಮಲ ಒಣಗಿಯೇ ಇದ್ದರೆ ಅದು ಕೊಳೆತು ನಾರುವುದಿಲ್ಲ.

ನಮ್ಮ ವ್ಯಾನಿನಲ್ಲಿ ಮುಂಭಾಗದಲ್ಲಿ ಮೂತ್ರ ಬೇರೆ ಹರಿದುಹೋಗುವ ಬಟ್ಟಲಿರುವ ಸೀಟನ್ನು ಅಳವಡಿಸಿಕೊಂಡಿದ್ದೇವೆ. ಸ್ವೀಡನ್ನಿನ ಸೆಪರೆಟ್ ಎಂಬ ಕಂಪನಿಯಂಥವರು ಇದನ್ನು ತಯಾರಿಸಿ ಮಾರುತ್ತಾರೆ; ಫೈಬರ್ ಕೆಲಸ ಬಲ್ಲವರಿಂದ ಇಲ್ಲಿಯೂ ಮಾಡಿಸಬಹುದು. ಮೂತ್ರ ಒಂದು ಕ್ಯಾನಿಗೆ ಹೋಗುತ್ತದೆ. ಹಿಂಭಾಗದ ಬಕೆಟ್ಟಿನ ತಳಕ್ಕೆ ಒಂದು ಗೇಣಿನಷ್ಟು ತೆಂಗಿನ ನಾರಿನ ಪುಡಿ ಹರಡಿ, ಪ್ರತಿ ಸಲ ಉಪಯೋಗಿಸಿದ ಮೇಲೆ ಎರಡು ಹಿಡಿ ಪುಡಿ ಉದುರಿಸುತ್ತೇವೆ. ಒಣ ನಾರಿನ ಪುಡಿ ತನ್ನ ತೂಕದ ಹಲವು ಪಟ್ಟು ನೀರನ್ನು ಹೀರುತ್ತದೆ, ಇಂಗಾಲ ಹೇರಳವಾಗಿರುವುದರಿಂದ ಮುಂದೆ ಗೊಬ್ಬರವಾಗಲೂ ಯೋಗ್ಯ. ಮರದ ಡಿಪೋದ ಹೊಟ್ಟು ಸಹ ಆಗುತ್ತದೆ, ಆದರೆ ತೀರ ನುಣುಪಾದ ಹೊಟ್ಟು ಒದ್ದೆಯಾದಾಗ ಮುದ್ದೆಗಟ್ಟಿ ಗಾಳಿಯಾಡುವುದನ್ನು ತಡೆಯುತ್ತದೆ. ಒಲೆಯ ಬೂದಿಯನ್ನು ಪುಡಿಯೊಡನೆ ಸ್ವಲ್ಪ ಬೆರೆಸಿದರೆ ನೊಣ ಬಾರದು. ಬೂದಿ ಮೂತ್ರದ ಕ್ಯಾನಿಗೆ ಮಾತ್ರ ಬೀಳಬಾರದು, ಬಿದ್ದರೆ ಅಮೋನಿಯಾ ಎದ್ದೇಳುತ್ತದೆ.

ಇದರಲ್ಲಿ ನಮ್ಮ ದೇಶದವರಿಗೆ ಇರುವ ತೊಡಕನ್ನು ಮರೆಮಾಚಬಾರದು. ಪಾಶ್ಚಾತ್ಯರು ಕಾಗದ ಬಳಸುವುದರಿಂದ ಅವರ ಬಕೆಟ್ ಒಣಗಿರುತ್ತದೆ, ನಾವು ನೀರಿನಿಂದ ತೊಳೆದುಕೊಳ್ಳುವವರು. ಆ ನೀರು ಪುಡಿಯೊಳಗೆ ಬಿದ್ದರೆ ಇಡೀ ವ್ಯವಸ್ಥೆ ಕೆಡುತ್ತದೆ. ಹಳ್ಳಿಗಳಲ್ಲಿ ಕಟ್ಟಿಸಿದ, ಮಲ ಮೂತ್ರಗಳನ್ನು ಬೇರೆ ಬೇರೆಯಾಗಿ ಹಿಡಿಯುವ ಇಕೋಸ್ಯಾನ್ ಶೌಚಾಲಯಗಳಲ್ಲಿ ತೊಳೆದುಕೊಳ್ಳಲೆಂದೇ ಪಕ್ಕದಲ್ಲಿ ಮತ್ತೊಂದು ಜಾಗ ಇರುತ್ತದೆ. ನಾವೂ ಸೀಟಿನ ಪಕ್ಕದಲ್ಲಿ ತಗ್ಗಾದ ತಟ್ಟೆಯೊಂದನ್ನು ಕೂರಿಸಿ, ಆ ನೀರನ್ನು ಪ್ರತ್ಯೇಕ ಕ್ಯಾನಿಗೆ ಬಿಟ್ಟು, ಅದನ್ನೂ ಶೌಚದ ನೀರೆಂದೇ ಪರಿಗಣಿಸಿ ಶೌಚಾಲಯಕ್ಕೆ ಸುರಿಯುತ್ತೇವೆ.

ಮೂತ್ರದ ಕ್ಯಾನಿಗೆ ಮೊದಲೇ ಒಂದೆರಡು ಚಮಚ ನಿಂಬೆ ಉಪ್ಪು ಹಾಕಿಟ್ಟರೆ ದಿನವಿಡೀ ವಾಸನೆ ಇರುವುದಿಲ್ಲ. ಮನೆಗೆ ಬಂದ ಮೇಲೆ ಹತ್ತರಷ್ಟು ನೀರು ಬೆರೆಸಿ ತೆಂಗಿನ ಮರದ ಪಾತಿಗೆ ಹಾಕುತ್ತೇವೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿಯೂ ಮಾನವ ಮೂತ್ರವನ್ನು ಬೆಳೆಗಳಿಗೆ ಕೊಟ್ಟು ಪ್ರಯೋಗ ನಡೆಸಿದ್ದಾರೆ. ಬಕೆಟ್ಟಿನದನ್ನು ಮಾತ್ರ ಹಾಗೆ ಹಾಕುವಂತಿಲ್ಲ: ನೆರಳಿನ ಗುಂಡಿಯಲ್ಲಿ ಮುಚ್ಚಿ, ನಮ್ಮಂಥ ಬೆಚ್ಚನೆಯ ಸೀಮೆಯಲ್ಲಿ ಕನಿಷ್ಠ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಬಿಡಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ 2006ರ ಮಾರ್ಗಸೂಚಿ. ಜಂತಿನ ಮೊಟ್ಟೆಗಳು ಅಷ್ಟು ಗಟ್ಟಿ. ತೋಟವಿಲ್ಲದವರಿಗೆ ನಾನು ಈ ದಾರಿಯನ್ನು ಒತ್ತಾಯಿಸುವುದಿಲ್ಲ.

ತುಮಕೂರು_ಪಯಣಿಗ:

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ತಿಪಟೂರಿನವರ ವ್ಯವಸ್ಥೆ ಮನಸ್ಸಿಗೆ ಹಿಡಿಸಿತು. ಆದರೆ ಸೀಟಿನಿಂದ ಪಕ್ಕದ ತಟ್ಟೆಗೆ ಸರಿದು ಕೂರುವುದು ಅಮ್ಮನಿಗೆ ಸಾಧ್ಯವಾಗದ ಕೆಲಸ. ಒಮ್ಮೆ ಕೂತರೆ ಎದ್ದು ನಿಲ್ಲಲು ಹಿಡಿ ಬೇಕು. ಅಂಥವರಿಗೆ ಕ್ಯಾಸೆಟ್ಟೇ ಸರಿ ಎನಿಸುತ್ತದೆ. ನೀರಿನ ಬಳಕೆಯಿಂದ ಅದು ಬೇಗ ತುಂಬುತ್ತದಲ್ಲವೇ, ಆಗ ದ್ರವದ ಪ್ರಮಾಣವನ್ನು ಹೆಚ್ಚಿಸಬೇಕೇ? ಎಲ್ಲಕ್ಕಿಂತ ಮುಖ್ಯವಾಗಿ, ಪ್ರವಾಸದ ದಾರಿಯಲ್ಲಿ ಅದನ್ನು ಎಲ್ಲಿ ಖಾಲಿ ಮಾಡಬೇಕು? ತಂಗುವ ಛತ್ರದಲ್ಲಿ ಶೌಚಾಲಯ ತೊಳೆಯುವವರಿಗೆ ಒಂದಷ್ಟು ಹಣ ಕೊಟ್ಟರೆ ಅವರೇ ಮಾಡುತ್ತಾರೆ ಎಂದು ಒಬ್ಬರು ಹೇಳಿದರು.

ಚಿಕ್ಕಬಳ್ಳಾಪುರ_ನೈರ್ಮಲ್ಯ:

ಕೊನೆಯ ಮಾತಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅದು ನನ್ನನ್ನು ನೋಯಿಸಿತು. ದಯವಿಟ್ಟು ನಿಮ್ಮ ಕ್ಯಾಸೆಟ್ಟನ್ನು ಇನ್ನೊಬ್ಬರ ಕೈಗೆ ಕೊಡಬೇಡಿ. ಮನುಷ್ಯರ ಮಲವನ್ನು ಮನುಷ್ಯರಿಂದ ಹೊರಿಸುವ ಪದ್ಧತಿಯನ್ನು 2013ರ ಕಾಯ್ದೆ ನಿಷೇಧಿಸಿದೆ. ಆ ಕಾಯ್ದೆಯ ಯಾವ ಕಲಮಿಗೆ ನಿಮ್ಮ ಕ್ಯಾಸೆಟ್ ಬರುತ್ತದೆ, ಬರುವುದಿಲ್ಲ ಎಂಬ ಚರ್ಚೆಗಿಂತ, ನೂರು ರೂಪಾಯಿಯ ಅನಿವಾರ್ಯತೆಯಲ್ಲಿರುವ ಒಬ್ಬರ ಕೈಗೆ ನಮ್ಮ ಮಲದ ಪೆಟ್ಟಿಗೆ ಕೊಡುವುದು ಅದರ ಆಶಯಕ್ಕೆ ವಿರುದ್ಧ ಎಂಬುದು ನಮಗೇ ತಿಳಿಯುತ್ತದೆ. ಕ್ಯಾಸೆಟ್ಟಿಗೆ ಹಿಡಿಯೂ ಸುರಿಯುವ ಉದ್ದನೆಯ ಮೂತಿಯೂ ಇರುತ್ತವೆ. ಕೈಗವಸು ತೊಟ್ಟು ಮನೆಯವರೇ ಮಾಡಬಹುದಾದ ಕೆಲಸ ಅದು.

ನಾನು ಈ ಕಡೆಯ ಪಟ್ಟಣಗಳ ಮಲತ್ಯಾಜ್ಯ ನಿರ್ವಹಣೆಯ ಕೆಲಸದಲ್ಲಿರುವವನು. ಟ್ಯಾಂಕಿಗೆ ಏನು ಹಾಕಬೇಕೆಂಬುದನ್ನು ಕೊನೆಗೆ ತೀರ್ಮಾನಿಸುವುದು ಅದನ್ನು ಎಲ್ಲಿ ಸುರಿಯುತ್ತೇವೆ ಎಂಬ ಸಂಗತಿಯೇ. ಯುರೋಪಿನ ಶಿಬಿರಗಳಲ್ಲಿ ಕ್ಯಾಸೆಟ್ ಸುರಿಯಲೆಂದೇ ಪ್ರತ್ಯೇಕ ಸ್ಥಳಗಳಿವೆ. ನೀಲಿ ದ್ರವಗಳು ಆ ಪದ್ಧತಿಯೊಡನೆ ಬೆಳೆದವು. ನಮ್ಮಲ್ಲಿ ಅದು ಹೋಗುವುದು ನಿಮ್ಮ ಮನೆಯ, ನೆಂಟರ ಮನೆಯ, ಛತ್ರದ ಅಥವಾ ಹೋಟೆಲಿನ ಕಮೋಡಿಗೆ. ಅಲ್ಲಿಂದ ಬಹುತೇಕ ಒಂದು ಸೆಪ್ಟಿಕ್ ಟ್ಯಾಂಕಿಗೋ ಇಂಗುಗುಂಡಿಗೋ. ಸೆಪ್ಟಿಕ್ ಟ್ಯಾಂಕ್ ಕೆಲಸ ಮಾಡುವುದೇ ಬ್ಯಾಕ್ಟೀರಿಯಾಗಳಿಂದ. ಸಾವಿರಾರು ಲೀಟರಿನ ಟ್ಯಾಂಕಿಗೆ ಒಮ್ಮೆ 20 ಲೀಟರ್ ನೀಲಿ ದ್ರವದ ತ್ಯಾಜ್ಯ ಬಿದ್ದ ಮಾತ್ರಕ್ಕೆ ಅದು ಸತ್ತುಹೋಗುತ್ತದೆಂದು ಹೆದರಿಸುವುದು ಸರಿಯಲ್ಲ, ಅಷ್ಟರಲ್ಲಿ ಅದು ತೆಳುವಾಗುತ್ತದೆ. ಆದರೆ ಚಿಕ್ಕ ಟ್ಯಾಂಕಿಗೆ ಪದೇ ಪದೇ ಬಿದ್ದರೆ ಬ್ಯಾಕ್ಟೀರಿಯಾಗಳು ಕುಗ್ಗಿ, ಕೊಳೆಯದ ಮಲ ಹೊರಗಿನ ಗುಂಡಿಗೆ ಹರಿದು, ಮಣ್ಣಿನ ರಂಧ್ರಗಳು ಮುಚ್ಚಿಹೋಗುತ್ತವೆ. ಸಕ್ಕಿಂಗ್ ಯಂತ್ರದ ಲಾರಿಯನ್ನು ಪದೇ ಪದೇ ಕರೆಯಬೇಕಾಗುತ್ತದೆ.

ಆ ಲಾರಿ ಹೀರಿಕೊಂಡದ್ದೂ ಮತ್ತೆ ಬ್ಯಾಕ್ಟೀರಿಯಾಗಳ ಬಳಿಗೇ ಹೋಗಬೇಕು. ನಮಗೆ ಹತ್ತಿರದ ದೇವನಹಳ್ಳಿಯಲ್ಲಿ 2015ರಲ್ಲಿ ಆರಂಭವಾದ ಮಲತ್ಯಾಜ್ಯ ಸಂಸ್ಕರಣಾ ಘಟಕದಲ್ಲಿ ಆಮ್ಲಜನಕರಹಿತ ಜೀರ್ಣಕ್ರಿಯೆ ನಡೆದು, ಹಾಸುಗಳ ಮೇಲೆ ಒಣಗಿ, ಕೊನೆಗೆ ಗೊಬ್ಬರವಾಗುತ್ತದೆ. ಅದಕ್ಕೂ ಮೊದಲು ಆ ಸುತ್ತಿನ ರೈತರು ಲಾರಿಯ ತ್ಯಾಜ್ಯವನ್ನು ನೇರವಾಗಿ ಹೊಲಗಳಿಗೆ ಹಾಕಿಸಿಕೊಳ್ಳುತ್ತಿದ್ದುದೂ ಉಂಟು. ಜೀವಿಗಳನ್ನು ಕೊಲ್ಲುವ ರಾಸಾಯನಿಕಕ್ಕೆ ಈ ಸರಪಳಿಯ ಯಾವ ಕೊಂಡಿಯಲ್ಲಿಯೂ ಜಾಗವಿಲ್ಲ. ಆದ್ದರಿಂದ ಮೇಷ್ಟ್ರು ಹೇಳಿದ ನೈಟ್ರೇಟ್ ಬಗೆಯ ಹಸಿರು ದ್ರವವೇ ನಮ್ಮ ಜಿಲ್ಲೆಗಳಿಗೆ ಹೊಂದುವಂಥದ್ದು ಎಂಬುದು ನನ್ನ ಖಚಿತ ಅಭಿಪ್ರಾಯ.

ರಸ್ತೆಬದಿಯ ಚರಂಡಿ, ಹಳ್ಳ, ಕೆರೆಯಂಗಳ ಇವುಗಳಿಗೆ ಮಾತ್ರ ಯಾವ ಕಾರಣಕ್ಕೂ ಸುರಿಯಬೇಡಿ. ಕೋಲಾರದ ಕೆರೆಗಳಿಗೆ ಬೆಂಗಳೂರಿನ ಕೆ.ಸಿ. (ಕೋರಮಂಗಲ-ಚಲ್ಲಘಟ್ಟ) ವ್ಯಾಲಿಯಿಂದ, ನಮ್ಮ ಕೆರೆಗಳಿಗೆ ಎಚ್.ಎನ್. (ಹೆಬ್ಬಾಳ-ನಾಗವಾರ) ವ್ಯಾಲಿಯಿಂದ ಸಂಸ್ಕರಿಸಿದ ಕೊಳಚೆ ನೀರನ್ನು ತುಂಬಿಸುತ್ತಿರುವುದೇ ಅಂತರ್ಜಲ ಮೇಲೇರಲಿ ಎಂದು. ಖಾಲಿಯಾಗಿ ಕಾಣುವ ಕೆರೆಯಂಗಳದ ಕೆಳಗೆ ಯಾರದೋ ಕುಡಿಯುವ ನೀರಿನ ಕೊಳವೆಬಾವಿ ಇರುತ್ತದೆ.

ಸುರಿಯುವ ಕ್ರಮ ಸುಲಭ. ಛತ್ರದ ವ್ಯವಸ್ಥಾಪಕರಿಗೆ ಮೊದಲೇ ಫೋನ್ ಮಾಡಿ ಒಪ್ಪಿಗೆ ಪಡೆಯಿರಿ. ಜನ ಕಡಿಮೆಯಿರುವ ಬೆಳಗಿನ ಹೊತ್ತಿನಲ್ಲಿ ಕ್ಯಾಸೆಟ್ಟಿನೊಳಕ್ಕೆ ಗಾಳಿ ಬಿಡುವ ಬಟನ್ ಒತ್ತಿಕೊಂಡು ನಿಧಾನವಾಗಿ ಕಮೋಡಿಗೆ ಬಗ್ಗಿಸಿದರೆ ಸಿಡಿಯುವುದಿಲ್ಲ. ಎರಡು ಸಲ ನೀರು ಹಾಕಿ ಕುಲುಕಿ ಚೆಲ್ಲಿ, ಅವರ ಕಮೋಡನ್ನೂ ನೆಲವನ್ನೂ ನೀವೇ ತೊಳೆದು ಬನ್ನಿ. ಹಾಗೆ ನಡೆದುಕೊಂಡವರಿಗೆ ಮುಂದಿನ ಸಲ ಯಾರೂ ಇಲ್ಲವೆನ್ನುವುದಿಲ್ಲ.

ಕೋಲಾರ_ರಸಾಯನ:

ಪ್ರಮಾಣದ ಪ್ರಶ್ನೆಗೆ ಉತ್ತರಿಸುವುದು ಉಳಿದಿತ್ತು. ತೊಳೆದುಕೊಳ್ಳುವ ನೀರಿನಿಂದ ಟ್ಯಾಂಕ್ ಬೇಗ ತುಂಬುವುದು ನಿಜ. ಆದರೆ ಬೇಗ ತುಂಬಿದರೆ ಬೇಗ ಖಾಲಿ ಮಾಡುತ್ತೀರಿ, ಕೊಳೆಯಲು ಸಮಯ ಸಿಗುವುದಿಲ್ಲ. ಆದ್ದರಿಂದ ನೀರಿಗಾಗಿ ದ್ರವ ಹೆಚ್ಚಿಸುವ ಅಗತ್ಯವಿಲ್ಲ. ಹೆಚ್ಚಿಸಬೇಕಾದೀತೆನ್ನುವುದು ಬಿಸಿಲಿಗೆ. ಲೇಬಲ್ಲಿನಲ್ಲಿ ನಾಲ್ಕೈದು ದಿನ ಎಂದು ಬರೆದಿರುವುದು ತಂಪು ದೇಶದ ಲೆಕ್ಕ. ಏಪ್ರಿಲ್ ತಿಂಗಳಲ್ಲಿ ನಿಲ್ಲಿಸಿದ ವಾಹನದೊಳಗೆ ಆ ಲೆಕ್ಕ ನಡೆಯುವುದಿಲ್ಲ. ದ್ರವವನ್ನು ಎರಡು ಪಟ್ಟು ಮಾಡುವುದಕ್ಕಿಂತ ದಿನಕ್ಕೊಮ್ಮೆ ಖಾಲಿ ಮಾಡುವುದು ಅಗ್ಗವೂ ಹೌದು, ಪರಿಣಾಮಕಾರಿಯೂ ಹೌದು.

ನಿಮ್ಮ ತಾಯಿಯವರ ಬಳಕೆ ಬಹುಪಾಲು ಮೂತ್ರಕ್ಕೇ ಆಗಿರುವುದರಿಂದ ನಿಮಗೆ ಇನ್ನೂ ಸರಳವಾದ ದಾರಿಯಿದೆ. ಬೆಳಗಿನ ಶೌಚವನ್ನು ತಂಗಿದ ಸ್ಥಳದ ಕಮೋಡಿನಲ್ಲಿಯೇ ಮುಗಿಸಿ, ಹಗಲಿನ ಪ್ರಯಾಣದಲ್ಲಿ ಕ್ಯಾಸೆಟ್ಟನ್ನು ಮೂತ್ರಕ್ಕೆ ಮಾತ್ರ ಬಳಸುವುದಾದರೆ, ಸಲ್ಫೈಡ್ ಹುಟ್ಟಲು ಅಲ್ಲಿ ಹೆಚ್ಚಿನದೇನೂ ಇರುವುದಿಲ್ಲ; ಎದುರಿಸಬೇಕಾದದ್ದು ಅಮೋನಿಯಾವನ್ನಷ್ಟೇ. ಆಗ ತಿಪಟೂರಿನವರು ಹೇಳಿದ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಮ್ಲವೇ ಸಾಕು. ಎರಡು ಲೀಟರ್ ನೀರಿನಲ್ಲಿ ಮೂರು ಚಮಚ ಕರಗಿಸಿ ಟ್ಯಾಂಕಿಗೆ ಹಾಕಿ. ಶಾಲೆಯ ಪ್ರಯೋಗಾಲಯದ ಸಾಮಾನು ಮಾರುವ ಅಂಗಡಿಯಲ್ಲಿ ಕೆಂಪು ಲಿಟ್ಮಸ್ ಕಾಗದದ ಸಣ್ಣ ಪುಸ್ತಕ ಸಿಗುತ್ತದೆ. ಸಂಜೆ ಒಂದು ಚೂರನ್ನು ಟ್ಯಾಂಕಿನ ನೀರಿಗೆ ಅದ್ದಿ ನೋಡಿ. ಕೆಂಪಾಗಿಯೇ ಉಳಿದರೆ ಪ್ರಮಾಣ ಸರಿಯಿದೆ, ನೀಲಿಯಾದರೆ ಮರುದಿನ ಒಂದು ಚಮಚ ಹೆಚ್ಚಿಸಿ. ಬಾಡಿ ಕೆಲಸದವರು ಹೇಳಿದ ಬಿಳಿಯ ಹಕ್ಕಳೆಯೂ ಈ ಆಮ್ಲಕ್ಕೆ ಕರಗುತ್ತದೆ. ಸೆಪ್ಟಿಕ್ ಟ್ಯಾಂಕಿನ ಬ್ಯಾಕ್ಟೀರಿಯಾಗಳಿಗೆ ಇಷ್ಟು ಸಿಟ್ರಿಕ್ ಆಮ್ಲ ತೊಂದರೆಯಲ್ಲ, ಅವು ಅದನ್ನು ತಿಂದು ಮುಗಿಸುತ್ತವೆ.

ಎರಡೂ ಬಳಕೆಯಾಗುವ ದಿನಗಳಲ್ಲಿ ನಿಂಬೆ ಉಪ್ಪು ಬಿಟ್ಟು ಹಸಿರು ದ್ರವಕ್ಕೆ ಬನ್ನಿ. ಒಂದೇ ತುಂಬುವಿಕೆಯಲ್ಲಿ ಎರಡನ್ನೂ ಬೆರೆಸಬೇಡಿ; ಆಮ್ಲದಲ್ಲಿ ನೈಟ್ರೇಟ್ ಬಳಸುವ ಬ್ಯಾಕ್ಟೀರಿಯಾಗಳು ಮಂಕಾಗಿ ದುಬಾರಿ ದ್ರವ ವ್ಯರ್ಥವಾಗುತ್ತದೆ.

ತುಮಕೂರು_ಪಯಣಿಗ:

ಇಷ್ಟು ಸ್ಪಷ್ಟವಾದ ಉತ್ತರ ಸಿಗುತ್ತದೆಂದು ನಿರೀಕ್ಷಿಸಿರಲಿಲ್ಲ. ಕ್ಯಾಸೆಟ್ ಮಾದರಿಯನ್ನೇ ತೆಗೆದುಕೊಂಡು, ಹಗಲಿಗೆ ನಿಂಬೆ ಉಪ್ಪು, ಅಗತ್ಯ ಬಿದ್ದಾಗ ನೈಟ್ರೇಟ್ ಇರುವ ಹಸಿರು ದ್ರವ ಎಂದು ತೀರ್ಮಾನಿಸಿದ್ದೇವೆ. ಟ್ಯಾಂಕಿನ ಗಾಳಿಕೊಳವೆಗೆ ಚಾವಣಿಯಲ್ಲಿ ಜಾಗ ಬಿಡುವಂತೆ ಇವತ್ತೇ ಗ್ಯಾರೇಜಿಗೆ ಹೇಳಿದೆ. ಖಾಲಿ ಮಾಡುವ ಕೆಲಸ ನನ್ನದು ಮತ್ತು ನನ್ನ ತಮ್ಮನದು. ಒಂದು ಸಣ್ಣ ಸಂದೇಹ: ಪ್ರವಾಸವಿಲ್ಲದ ತಿಂಗಳುಗಳಲ್ಲಿ ಕ್ಯಾಸೆಟ್ಟನ್ನು ಹೇಗೆ ಇಡಬೇಕು?

ಶಿರಾಗೇಟ್_ಬಾಡಿ_ಕೆಲಸ:

ನಿಂಬೆ ಉಪ್ಪಿನ ನೀರಿನಲ್ಲಿ ಒಂದು ರಾತ್ರಿ ನೆನೆಸಿ ತೊಳೆದು, ಬಿಸಿಲಿಗಲ್ಲದೆ ನೆರಳಿನಲ್ಲಿ ಪೂರ್ತಿ ಒಣಗಿಸಿ, ಸೀಲಿಗೆ ಸಿಲಿಕೋನ್ ಹೊಡೆದು, ಸರಿಯುವ ತಟ್ಟೆಯನ್ನು ತೆರೆದೇ ಇಡಿ. ಮುಚ್ಚಿಟ್ಟರೆ ರಬ್ಬರ್ ಒತ್ತಿಕೊಂಡು ಅಂಟುತ್ತದೆ. ಇಲಿ ಬರುವ ಶೆಡ್ಡಾಗಿದ್ದರೆ ಬಾಯಿಗೆ ಒಂದು ಬಟ್ಟೆ ಕಟ್ಟಿ.